ಬಿ.ಇಡಿ. ಸೇರುವ ಮುನ್ನ

ಎಲ್ಲರಿಗೂ ನಮಸ್ಕಾರ. ಬಿ.ಇಡಿ. ಕಾಲೇಜು ಆರಿಸುವಾಗ ಏನು ನೋಡಬೇಕು ಎಂದು ತೀರ್ಥಹಳ್ಳಿ, ಹೊಸನಗರ ಕಡೆಯ ಪೋಷಕರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಕಾಲೇಜಿನ ಫಲಕದಲ್ಲಿ ‘ನ್ಯಾಕ್ ಎ’ ಎಂದು ಕಂಡ ಕೂಡಲೇ ಶುಲ್ಕ ಕಟ್ಟಬೇಡಿ. ನ್ಯಾಕ್ (ಕಾಲೇಜುಗಳ ಮೌಲ್ಯಮಾಪನ ಮಾಡುವ ರಾಷ್ಟ್ರೀಯ ಸಂಸ್ಥೆ) ಕೊಡುವುದು ಗುಣಮಟ್ಟದ ಶ್ರೇಣಿ, ಬಿ.ಇಡಿ. ನಡೆಸಲು ಮಾನ್ಯತೆ ಕೊಡುವುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಆ ಮಾನ್ಯತೆಯ ಆದೇಶದ ಪ್ರತಿಯನ್ನೇ ಕಾಲೇಜಿನಿಂದ ಕೇಳಿ ಪಡೆಯಿರಿ.

ಅದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಹಿಂದಿನ ತಂಡದವರು ಈಗ ಎಲ್ಲಿದ್ದಾರೆ ಎಂಬುದು. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ 150ಕ್ಕೆ 90 ಅಂಕ ಮುಟ್ಟಿದವರು ಎಷ್ಟು ಮಂದಿ? ಎರಡು ವರ್ಷಗಳಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕೆಂಬ ನಿಯಮ ನಿಜಕ್ಕೂ ನಡೆದಿದೆಯೇ? ನನ್ನ ತಂಗಿ ಓದಿದ ಕಡೆ ಪಾಠಯೋಜನೆಯ ಪುಸ್ತಕದ ಪುಟಪುಟಕ್ಕೂ ಸಹಿ ಬಿದ್ದಿತ್ತು. ಅವಳು ಕರಿಹಲಗೆಯ ಮುಂದೆ ನಿಂತದ್ದು ಮಾತ್ರ ಹತ್ತೇ ದಿನ. ಮೊದಲ ತರಗತಿಯಲ್ಲಿ ಸೀಮೆಸುಣ್ಣ ಹಿಡಿದ ಅವಳ ಕೈ ನಡುಗಿದ್ದು ನನಗಿನ್ನೂ ಮರೆತಿಲ್ಲ.

ಶನಿವಾರದೊಳಗೆ ಆದೇಶದ ಪ್ರತಿ ಇಲ್ಲಿಗೆ ಕಳುಹಿಸಿ, ಓದಿ ತಿಳಿಸುತ್ತೇನೆ.