ಸಿಟಿ ಬಸ್ಸಿಗೆ ಬೇಡ, ಘಾಟಿ ಹತ್ತುವ ಲಾರಿಗೆ ಹೈಡ್ರೋಜನ್ ಕೇಳೋಣ

ಮಾನ್ಯ ಸಂಪಾದಕರೇ,

ಹೈಡ್ರೋಜನ್ ಬಸ್ಸಿನ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದೇ ಮಾತು. ಲಡಾಖ್‌ನ ಲೇಹ್‌ಗೆ ಸಿಕ್ಕಿತು, ಕೇರಳಕ್ಕೂ ಸಿಗುತ್ತಂತೆ, ಬೆಂಗಳೂರಿಗೆ ಯಾಕಿಲ್ಲ? 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 37 ಹೈಡ್ರೋಜನ್ ಬಸ್ಸು, ಲಾರಿಗಳನ್ನು ಓಡಿಸಿ ನೋಡಲು ಸುಮಾರು 208 ಕೋಟಿ ರೂಪಾಯಿ ಕೊಡುವುದಾಗಿ ಹೇಳಿತು. ಆ ಪಟ್ಟಿಯಲ್ಲಿ ಪುಣೆ–ಮುಂಬೈ ಇದೆ, ತಿರುವನಂತಪುರ–ಕೊಚ್ಚಿ ಇದೆ, ಭುವನೇಶ್ವರ–ಪುರಿ ಇದೆ. ಕರ್ನಾಟಕದ ಒಂದು ರಸ್ತೆಯೂ ಇಲ್ಲ. ಬೇಜಾರಾಗುವುದು ಸಹಜ. ಆದರೆ ಕೇಳುವುದಾದರೆ ಸರಿಯಾದದ್ದನ್ನು ಕೇಳಬೇಕು, ಅಲ್ವಾ? ಸಿಟಿ ಬಸ್ಸಿಗೆ ಹೈಡ್ರೋಜನ್ ಹಾಕುವುದು ಸುಮ್ನೆ ದುಂದು ಅನ್ನೋದು ನನ್ನ ಅಭಿಪ್ರಾಯ.

ಲೇಹ್‌ನ ಲೆಕ್ಕವನ್ನೇ ನೋಡಿ. ಅಲ್ಲಿ ಕೇಂದ್ರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯವರು 1.7 ಮೆಗಾವಾಟ್ ಸೋಲಾರ್ ಹಾಕಿ, ಆ ಕರೆಂಟಿನಿಂದ ನೀರನ್ನು ಒಡೆದು, ದಿನಕ್ಕೆ 80 ಕಿಲೋ ಹೈಡ್ರೋಜನ್ ತೆಗೆಯುವ ವ್ಯವಸ್ಥೆ ಮಾಡಿದ್ದಾರೆ. 5 ಬಸ್ಸುಗಳಿವೆ. ಒಂದು ಬಸ್ಸಿಗೆ 25 ಕಿಲೋ ತುಂಬಿಸಿದರೆ 300 ಕಿಲೋಮೀಟರ್ ಓಡುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ನೀರಿನಿಂದ ಒಂದು ಕಿಲೋ ಹೈಡ್ರೋಜನ್ ತೆಗೆಯಲು ಈಗಿನ ಯಂತ್ರಗಳಿಗೆ 50ರಿಂದ 55 ಯೂನಿಟ್ ಕರೆಂಟ್ ಬೇಕು. ಅಂದರೆ 25 ಕಿಲೋಗೆ ಹತ್ತಿರ ಹತ್ತಿರ 1,300 ಯೂನಿಟ್. ಅದನ್ನು 350 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಸುಮಾರು 350 ಪಟ್ಟು ಒತ್ತಡಕ್ಕೆ ಒತ್ತಿ ತುಂಬಿಸುವ ಕರೆಂಟು ಬೇರೆ. ಅದೇ 300 ಕಿಲೋಮೀಟರನ್ನು ಅಷ್ಟೇ ದೊಡ್ಡ ಬ್ಯಾಟರಿ ಬಸ್ಸು, ಚಾರ್ಜಿಂಗ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿ, ಸುಮಾರು 450 ಯೂನಿಟ್‌ನಲ್ಲಿ ಓಡುತ್ತದೆ. ಒಂದು ಬಸ್ಸು ಓಡಿಸುವ ಕರೆಂಟಿನಲ್ಲಿ ಮೂರು ಬಸ್ಸು ಓಡಿಸಬಹುದು ಅಂತಾಯ್ತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಲೇಹ್‌ನಲ್ಲಿರುವಂಥ ಫ್ಯೂಯಲ್ ಸೆಲ್ ಬಸ್ಸು ಕೂಡ ಎಲೆಕ್ಟ್ರಿಕ್ ಬಸ್ಸೇ. ಸಿಲಿಂಡರಿನ ಹೈಡ್ರೋಜನ್ನು ಗಾಳಿಯ ಆಮ್ಲಜನಕದ ಜೊತೆ ಸೇರಿ ಬಸ್ಸಿನೊಳಗೇ ಕರೆಂಟ್ ಆಗುತ್ತದೆ, ಆ ಕರೆಂಟು ಮೋಟಾರ್ ತಿರುಗಿಸುತ್ತದೆ, ಹಿಂದಿನ ಪೈಪಿನಿಂದ ಆವಿ, ನೀರು ಬರುತ್ತದೆ. ಕರೆಂಟಿನಿಂದ ಗ್ಯಾಸ್ ಮಾಡಿ, ಗ್ಯಾಸಿನಿಂದ ಮತ್ತೆ ಕರೆಂಟ್ ಮಾಡುವುದು ಅಂದರೆ ತಲೆ ಸುತ್ತ ಕೈ ಬಳಸಿ ಮೂಗು ಹಿಡಿದ ಹಾಗೆ. ಲೇಹ್‌ನಲ್ಲಿ ಅದಕ್ಕೊಂದು ಅರ್ಥವಿದೆ ಬಿಡಿ. 11,000 ಅಡಿಗೂ ಎತ್ತರದ ಊರು, ಬ್ಯಾಟರಿಯೇ ಸೊರಗುವ ಚಳಿ, ಡೀಸೆಲ್ಲನ್ನು ಕೆಳಗಿನಿಂದ ಹೊತ್ತು ತರಬೇಕು. ಬೆಂಗಳೂರಿನ ಬಸ್ಸಿಗೆ ಈ ಯಾವ ಕಷ್ಟವೂ ಇಲ್ಲ. ರಾತ್ರಿ ಡಿಪೊಗೆ ಬರುತ್ತದೆ, ಬೆಳಿಗ್ಗೆ ಹೊರಡುತ್ತದೆ, ಓಡಾಡುವ ರೂಟೂ ಗೊತ್ತಿರುವುದೇ. ಬಿಎಂಟಿಸಿಯ ಸಾವಿರಕ್ಕೂ ಜಾಸ್ತಿ ಎಲೆಕ್ಟ್ರಿಕ್ ಬಸ್ಸುಗಳು ಆಗಲೇ ರಸ್ತೆಯಲ್ಲಿವೆ.

ಫ್ರಾನ್ಸ್‌ನ ಮೊಂಪೆಲಿಯೇ ಅನ್ನುವ ಊರಿನವರು 51 ಹೈಡ್ರೋಜನ್ ಬಸ್ಸು ಕೊಳ್ಳಲು ಹೊರಟಿದ್ದರು. 2022ರ ಜನವರಿಯಲ್ಲಿ ಕೈಬಿಟ್ಟರು. ಕಿಲೋಮೀಟರಿಗೆ ಬ್ಯಾಟರಿ ಬಸ್ಸಿಗೆ 15 ಯೂರೋ ಸೆಂಟ್ ಖರ್ಚಾದರೆ ಹೈಡ್ರೋಜನ್ ಬಸ್ಸಿಗೆ 95 ಸೆಂಟ್ ಆಗುತ್ತಿತ್ತು. ಅವರಿಗೇ ಗಿಟ್ಟದ್ದು ನಮ್ಮ ಸಾರಿಗೆ ನಿಗಮಗಳಿಗೆ ಗಿಟ್ಟುತ್ತದೆಯೇ?

ಇನ್ನು 'ಕ್ಲೀನ್' ಅನ್ನುವ ಮಾತು. ದೇಶದಲ್ಲಿ ಇವತ್ತು ತಯಾರಾಗುವ ಹೈಡ್ರೋಜನ್ ಬಹುತೇಕ ನೈಸರ್ಗಿಕ ಅನಿಲದಿಂದ ಬರುವುದು. ಒಂದು ಕಿಲೋ ತೆಗೆದರೆ 9–10 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಲೇಹ್‌ನಂಥ ಬಸ್ಸಿಗೆ 100 ಕಿಲೋಮೀಟರಿಗೆ 8 ಕಿಲೋ ಬೇಕು, ನೀವೇ ಗುಣಿಸಿ. ಹೆಚ್ಚು ಕಮ್ಮಿ ಡೀಸೆಲ್ ಬಸ್ಸಿನ ಲೆಕ್ಕವೇ ಬರುತ್ತದೆ. ಹೊಗೆ ನಮ್ಮ ಬೀದಿ ಬಿಟ್ಟು ಇನ್ಯಾರದೋ ಊರಿನ ಚಿಮಣಿಯಲ್ಲಿ ಏಳುತ್ತದೆ ಅಷ್ಟೇ. ಹಸಿರು ಹೈಡ್ರೋಜನ್ ಅನ್ನಿಸಿಕೊಳ್ಳಬೇಕಾದರೆ ಒಂದು ಕಿಲೋ ಹೈಡ್ರೋಜನ್‌ಗೆ ಈ ಇಂಗಾಲದ ಲೆಕ್ಕ 2 ಕಿಲೋ ಮೀರಬಾರದು ಅಂತ ಕೇಂದ್ರವೇ 2023ರಲ್ಲಿ ಗೆರೆ ಎಳೆದಿದೆ. ಯಾವ ಹೈಡ್ರೋಜನ್ ಬಸ್ಸಿಗೆ ಹಸಿರು ಬಾವುಟ ತೋರಿಸಿದರೂ ಮೊದಲು ಕೇಳಬೇಕಾದ್ದು, ಗ್ಯಾಸ್ ಎಲ್ಲಿಂದ ಬಂತು ಅಂತ.

ಹಾಗಂತ ನಾನು ಹೈಡ್ರೋಜನ್ ವಿರೋಧಿಯಲ್ಲ. ನಾನಿರುವುದು ಸಕಲೇಶಪುರದಲ್ಲಿ. ಶಿರಾಡಿ ಘಾಟಿ ಹತ್ತಿ ಬರುವ ಲಾರಿಗಳನ್ನು ದಿನಾ ನೋಡುತ್ತೇವೆ. ಮಂಗಳೂರಿನಿಂದ ಬುಲೆಟ್ ಟ್ಯಾಂಕರು, ಕಂಟೇನರು ಸಾಲುಗಟ್ಟಿ ಬರುತ್ತವೆ. ಗುಂಡ್ಯ ದಾಟಿದ ಮೇಲೆ ಫಸ್ಟ್ ಗೇರಿನಲ್ಲಿ ಮುಕ್ಕುತ್ತಾ, ತಿರುವಿನಲ್ಲಿ ಕಪ್ಪು ಹೊಗೆ ಉಗುಳುತ್ತಾ, ನಡೆದುಹೋಗುವವನ ವೇಗದಲ್ಲಿ. ಮಳೆಗಾಲದಲ್ಲಿ ದೋಣಿಗಾಲ್ ಹತ್ತಿರ ರಸ್ತೆ ಕುಸಿದರಂತೂ ಇಂಜಿನ್ ಆಫ್ ಮಾಡದೆ ಗಂಟೆಗಟ್ಟಲೆ ನಿಂತಿರುತ್ತವೆ. ಇಂಥ 40 ಟನ್ನಿನ ಲಾರಿಗೆ ದೂರ ಹೋಗುವಷ್ಟು ಬ್ಯಾಟರಿ ಹಾಕಿದರೆ ಬ್ಯಾಟರಿಯೇ ಎರಡು ಟನ್ ದಾಟುತ್ತದೆ. ಅಷ್ಟು ಬಾಡಿಗೆ ಖೋತಾ, ಚಾರ್ಜಿಂಗ್‌ಗೆ ಕಾಯುವ ಹೊತ್ತು ಬೇರೆ. ಹೈಡ್ರೋಜನ್ನಿಗೆ ಎಲ್ಲಾದರೂ ಒಂದು ಅವಕಾಶ ಕೊಟ್ಟು ನೋಡಬೇಕು ಅಂದರೆ ಇಲ್ಲಿ. ಬ್ಯಾಟರಿ ಲಾರಿಯವರೂ ಜೊತೆಗೆ ಬರಲಿ. ಇಳಿಯುವಾಗ ಬ್ಯಾಟರಿಗೆ ವಾಪಸ್ ಕರೆಂಟ್ ತುಂಬಿಕೊಳ್ಳುವ ಅನುಕೂಲ ಅವರಿಗೆ ಇದ್ದೇ ಇದೆ. ಯಾರು ಗೆಲ್ಲುತ್ತಾರೋ ಘಾಟಿಯೇ ಹೇಳಲಿ.

ಜೊತೆಗೆ ಈ ದಾರಿಯ ಕೆಳತುದಿಯಲ್ಲೇ ಹೈಡ್ರೋಜನ್ ಬಳಕೆಯೂ ಇದೆ. ಸುರತ್ಕಲ್ ಹತ್ತಿರದ ತೈಲಾಗಾರಕ್ಕೆ ಪೆಟ್ರೋಲ್, ಡೀಸೆಲ್‌ನಿಂದ ಗಂಧಕ ತೆಗೆಯಲು ಅದು ಬೇಕು, ಪಣಂಬೂರಿನ ಗೊಬ್ಬರ ಕಾರ್ಖಾನೆಗೆ ಅಮೋನಿಯಾ ಮಾಡಲು ಬೇಕು. ಇಂಥ ಕಡೆ ಬ್ಯಾಟರಿ ಇಟ್ಟು ಕೆಲಸ ಆಗೋದಿಲ್ಲ, ಹೈಡ್ರೋಜನ್ನೇ ಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೂ ಅದಿರಿನಿಂದ ಕಬ್ಬಿಣ ತೆಗೆಯಲು ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬಳಸಬಹುದು. ಪಾವಗಡದ ಬಿಸಿಲು, ಗದಗ, ಚಿತ್ರದುರ್ಗದ ಗಾಳಿ ಮೊದಲು ಅಲ್ಲಿಗೆ ಹಸಿರು ಹೈಡ್ರೋಜನ್ ಆಗಿ ಹೋಗಲಿ, ಉಳಿದರೆ ಲಾರಿಗೆ. ನಮ್ಮ ಐಐಎಸ್‌ಸಿಯವರು ಒಂದು ಕಿಲೋ ಕೃಷಿ ಕಸದಂಥ ಬಯೋಮಾಸ್‌ನಿಂದ 100 ಗ್ರಾಂ ಹೈಡ್ರೋಜನ್ ತೆಗೆದು ತೋರಿಸಿದ್ದಾರೆ. ಅದನ್ನು ಲ್ಯಾಬಿನಿಂದ ಆಚೆ ತಂದು ನೋಡಲು ಈ ಘಾಟಿ ದಾರಿಗಿಂತ ಒಳ್ಳೆ ಜಾಗ ಸಿಗಲಿಕ್ಕಿಲ್ಲ.

ರಾಜ್ಯ ಸರ್ಕಾರಕ್ಕೆ ನನ್ನ ಮನವಿ ಇಷ್ಟು. ಮುಂದಿನ ಸಲ ಕೇಂದ್ರಕ್ಕೆ ಅರ್ಜಿ ಹಾಕುವಾಗ ವಿಧಾನಸೌಧದ ಮುಂದೆ ಫೋಟೊಗೆ ನಿಲ್ಲುವ ಬಸ್ಸು ಕೇಳಬೇಡಿ. ಮಂಗಳೂರು–ಹಾಸನ ರಸ್ತೆಗೆ ಒಂದಷ್ಟು ಲಾರಿ ಕೇಳಿ, ಎರಡೂ ತುದಿಗೆ ಒಂದೊಂದು ಬಂಕ್ ಕೇಳಿ. ಎಷ್ಟು ಟನ್ ಹೊತ್ತು ಎಷ್ಟು ಕಿಲೋ ಹೈಡ್ರೋಜನ್ ಕುಡಿಯಿತು, ಕಿಲೋಮೀಟರಿಗೆ ಎಷ್ಟು ಬಿತ್ತು ಅಂತ ಪ್ರತಿ ತಿಂಗಳು ಜನರ ಮುಂದೆ ಇಡಿ. ಬಸ್ಸಿಗೆ ಅಂತ ದುಡ್ಡಿದ್ದರೆ ಡಿಪೊಗಳಿಗೆ ಚಾರ್ಜರ್ ಹಾಕಿಸಿ. ಹಾಸನ, ಶಿವಮೊಗ್ಗದಂಥ ಊರುಗಳ ಸಿಟಿ ಬಸ್ಸಿನ ಹಿಂದೆ ಬೈಕಿನಲ್ಲಿ ಹೋಗುವವರು ಇವತ್ತಿಗೂ ಡೀಸೆಲ್ ಹೊಗೆಯನ್ನೇ ಕುಡಿಯುತ್ತಿದ್ದಾರೆ.

– ನಿಮ್ಮ ಓದುಗ, ಸಕಲೇಶಪುರ