ಅಪ್ಪನ ಬೀಜದ ಕೋಣೆಗಾಗಿ ಒಂದು ಮನವಿ

ಆತ್ಮೀಯರೇ,

ನಮ್ಮ ತಂದೆಯವರು ತೀರಿಕೊಂಡು ಮೂರು ವರ್ಷಗಳಾದವು. ಕುಟುಂಬದವರೂ ಅವರಿಂದ ಬೇಸಾಯ ಕಲಿತವರೂ ಸೇರಿ ಅವರ ನೆನಪಿಗೆ ಈ ಟ್ರಸ್ಟ್ ಕಟ್ಟಿಕೊಂಡಾಗ, ಹೊಲದ ಮೂಲೆಯಲ್ಲಿ ಒಂದು ಸ್ಮಾರಕದ ಕಲ್ಲು ನಿಲ್ಲಿಸೋಣ ಎಂಬ ಮಾತು ಮೊದಲು ಬಂದಿತು. “ಅಷ್ಟು ಜಾಗದಲ್ಲಿ ಒಂದು ಬಳ್ಳಿ ಹಬ್ಬುತ್ತದಲ್ಲ” ಎಂದರು ಅಮ್ಮ. ಕಲ್ಲಿನ ಮಾತು ಅಲ್ಲಿಗೇ ನಿಂತಿತು.

ಅಪ್ಪನ ಜೇಬಿನಲ್ಲಿ ಸದಾ ನಾಲ್ಕು ಕಾಳು ಇರುತ್ತಿದ್ದವು. ಹೊಲದಲ್ಲಿ ಎಲ್ಲಕ್ಕಿಂತ ಪುಷ್ಟಿಯಾಗಿ ಬೆಳೆದ, ರೋಗ ತಾಗದ ಗಿಡವನ್ನು ಗುರುತಿಟ್ಟು ಬೀಜಕ್ಕೆಂದೇ ಬಿಡುತ್ತಿದ್ದರು. ಅದರ ಕಾಯಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಎಷ್ಟೋ ಸಲ ತೊಳೆಯಲು ನೆನೆಹಾಕಿದ ಅಂಗಿಯ ಜೇಬಿನಲ್ಲಿ ಕಾಳು ಮೊಳಕೆಯೊಡೆದಿರುತ್ತಿತ್ತು. ಅಮ್ಮ ಗದರುತ್ತಿದ್ದರು, ಆದರೆ ಆ ಮೊಳಕೆಯನ್ನು ಹಿತ್ತಿಲಲ್ಲಿ ಊರುತ್ತಿದ್ದವರೂ ಅವರೇ. ಬೀಜ ಆರಿಸುವುದು ಅಪ್ಪನ ಕೈ, ಕಾಪಾಡುವುದು ಅಮ್ಮನ ಕೈ. ನೆರಳಲ್ಲಿ ಒಣಗಿಸುವುದು, ಜಳ್ಳು ತೂರುವುದು, ನುಸಿ ಹಿಡಿಯದಂತೆ ಒಣ ಬೂದಿ ಬೆರೆಸಿ ಗಡಿಗೆಯ ಬಾಯಿ ಬಿಗಿಯುವುದು ಎಲ್ಲವೂ ಅವರದೇ. ಅಪ್ಪನನ್ನು ನೆನೆಯುವವರು ಅಮ್ಮನನ್ನು ಮರೆಯುವುದನ್ನು ನಾನು ಒಪ್ಪುವುದಿಲ್ಲ.

ಮಕ್ಕಳಾದ ನಮಗೆ ಎಣಿಕೆ ಬಂದದ್ದು ಮೊಳಕೆ ಪರೀಕ್ಷೆಯಿಂದ. ಬಿತ್ತನೆಗೆ ಮುಂಚೆ ಒದ್ದೆ ಬಟ್ಟೆಯ ಮೇಲೆ ನೂರು ಕಾಳು ಸಾಲಾಗಿ ಇಟ್ಟು ಸುರುಳಿ ಸುತ್ತುತ್ತಿದ್ದೆವು. ಕೆಲವು ದಿನ ಬಿಟ್ಟು ಬಿಚ್ಚಿ ಎಷ್ಟು ಚಿಗುರಿವೆ ಎಂದು ಎಣಿಸಿ ಹೇಳಬೇಕು. ತಪ್ಪು ಹೇಳಿದರೆ ಬಯ್ಯುತ್ತಿರಲಿಲ್ಲ, ಪಕ್ಕದಲ್ಲಿ ಕುಳಿತು ಮತ್ತೊಮ್ಮೆ ಎಣಿಸುತ್ತಿದ್ದರು. ದಿನವಿಡೀ ನೇಗಿಲ ಹಿಂದೆ ನಡೆದು ಬಂದ ಮನುಷ್ಯನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರುತ್ತಿತ್ತು ಎಂದು ಈಗ ಸ್ವತಃ ತಂದೆಯಾದ ಮೇಲೆ ಆಶ್ಚರ್ಯಪಡುತ್ತೇನೆ.

ಬೀಜ ಕೇಳಿ ಬಂದವರಿಂದ ಅವರು ಹಣ ಮುಟ್ಟಲಿಲ್ಲ. ಒಂದು ಪಾಲು ಒಯ್ದವರು ಸುಗ್ಗಿಯಲ್ಲಿ ಎರಡು ಪಾಲು ತಂದುಕೊಡಬೇಕು, ಅಷ್ಟೇ.

ಅವರು ಹೋದ ಮೇಲೆ ನಾವು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಅವರ ಬೀಜದ ಕೋಣೆಯನ್ನು ಹಾಗೆಯೇ ಇರಿಸಬೇಕೆಂದು ಬೀಗ ಹಾಕಿದೆವು. ಅದನ್ನೇ ಗೌರವ ಎಂದುಕೊಂಡಿದ್ದೆವು. ಈ ವರ್ಷ ತೆರೆದಾಗ ಗೋಡೆಗೆ ತೇವ ಏರಿತ್ತು, ಗಡಿಗೆಗಳ ಬಾಯಿ ಸಡಿಲಗೊಂಡಿತ್ತು. ಒದ್ದೆ ಬಟ್ಟೆ ಹಾಸಿ ನೂರು ನೂರು ಕಾಳು ಎಣಿಸಿ ಇಟ್ಟೆವು. ಕೆಲವು ತಳಿಗಳಲ್ಲಿ ಅರ್ಧದಷ್ಟು ಚಿಗುರಿದವು. ಈರುಳ್ಳಿ ಬೀಜ ಒಂದೂ ಏಳಲಿಲ್ಲ. ಅದು ಮೊದಲೇ ಅಲ್ಪಾಯುಷಿ, ಒಂದೆರಡು ವರ್ಷಕ್ಕೇ ಸತ್ವ ಕಳೆದುಕೊಳ್ಳುತ್ತದೆ. ಅಪ್ಪ ತಮ್ಮ ತಾಯಿಯಿಂದ ಪಡೆದಿದ್ದ ಕಪ್ಪು ಕಾಳಿನ ಬಳ್ಳಿ ಬೀನ್ಸ್‌ನಲ್ಲೂ ನೂರಕ್ಕೆ ಸೊನ್ನೆ.

ಬೀಜ ಉಸಿರಾಡುವ ಜೀವ. ತೇವ ಮತ್ತು ಶಾಖ ಹೆಚ್ಚಿದಷ್ಟೂ ಅದು ಬೇಗ ಮುದಿಯಾಗುತ್ತದೆ. ತೇವಾಂಶವನ್ನು ಶೇಕಡಾ 1ರಷ್ಟು ಇಳಿಸಿದರೆ ಅಥವಾ ಉಷ್ಣಾಂಶವನ್ನು 5 ಡಿಗ್ರಿ ಸೆಲ್ಸಿಯಸ್ ತಗ್ಗಿಸಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಕೊಟ್ಟ ಸ್ಥೂಲ ಲೆಕ್ಕ. ನಾರ್ವೆಯ ಹಿಮದ ದ್ವೀಪಗಳಾದ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರ ಮೈನಸ್ 18 ಡಿಗ್ರಿಯಲ್ಲಿ ಬೀಜಗಳನ್ನು ಕಾಯುತ್ತಿದೆ. ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಲೆನಿನ್‌ಗ್ರಾಡ್ ನಗರಕ್ಕೆ ಮುತ್ತಿಗೆ ಬಿದ್ದಾಗ ಅಲ್ಲಿನ ಬೀಜ ಸಂಗ್ರಹದ ವಿಜ್ಞಾನಿಗಳಲ್ಲಿ ಕೆಲವರು ಕಾಳುಗಳ ನಡುವೆಯೇ ಹಸಿವಿನಿಂದ ಸತ್ತರು. ಸಂಗ್ರಹವನ್ನು ಮಾತ್ರ ತಿನ್ನಲಿಲ್ಲ. ನಮಗೆ ಅಂಥ ದೊಡ್ಡ ಭಂಡಾರ ಬೇಕಿಲ್ಲ. ತೇವ ಏರದ ನೆಲಗಟ್ಟು, ದಪ್ಪ ಗೋಡೆ, ಗಾಳಿಯಾಡದ ಡಬ್ಬಿಗಳು, ತೇವ ಹೀರುವ ಸಿಲಿಕಾ ಜೆಲ್, ಒಂದು ತೇವಾಂಶ ಮಾಪಕ ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಹಂಗಾಮಿನಲ್ಲಿ ಸರದಿಯಂತೆ ತಳಿಗಳನ್ನು ಬಿತ್ತಿ ಹೊಸ ಬೀಜ ತೆಗೆಯಲು ಸಂಬಳದ ಮೇಲೆ ಒಬ್ಬರು ಬೇಕು. ಕುಂಬಳ, ಸೌತೆಯಂಥವು ಪಕ್ಕದ ತಳಿಯ ಪರಾಗದೊಂದಿಗೆ ಬೆರೆತುಹೋಗುತ್ತವೆ. ಅವುಗಳ ಹೂವಿಗೆ ಸಂಜೆಯೇ ಚೀಲ ಕಟ್ಟಿ ಬೆಳಗ್ಗೆ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಕೆಲಸ ಬಿಡುವಿದ್ದಾಗ ಮಾಡುವಂಥದ್ದಲ್ಲ.

ವಿಶ್ವಸಂಸ್ಥೆ 2019ರಿಂದ 2028ರವರೆಗಿನ ಅವಧಿಯನ್ನು ಕುಟುಂಬ ಕೃಷಿಯ ದಶಕವೆಂದು ಘೋಷಿಸಿದೆ. ಜಗತ್ತಿನ ಕೃಷಿಭೂಮಿಯಲ್ಲಿ ಶೇಕಡಾ 12ರಷ್ಟು ಮಾತ್ರ ಎರಡು ಹೆಕ್ಟೇರಿಗಿಂತ ಸಣ್ಣ ಹಿಡುವಳಿಗಳಲ್ಲಿದೆ; ಆಹಾರದಲ್ಲಿ ಸುಮಾರು ಶೇಕಡಾ 35 ಅಲ್ಲಿಂದಲೇ ಬರುತ್ತದೆ ಎಂದು ಅಂದಾಜು. ಅಪ್ಪ ಆ ಸಣ್ಣ ಹಿಡುವಳಿದಾರರಲ್ಲಿ ಒಬ್ಬರು. ಅಂಕಿಗಳಲ್ಲಿ ಅವರ ಹೆಸರಿಲ್ಲ, ನಮಗೆ ಆ ಹೆಸರು ಬೇಕು.

ನಿಮ್ಮ ಶಕ್ತ್ಯನುಸಾರ ಕೊಡಿ. ಯಾವ ಮೊತ್ತವೂ ಸಣ್ಣದಲ್ಲ. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ, ಜಮಾ ಖರ್ಚಿನ ಪುಸ್ತಕ ಟ್ರಸ್ಟ್ ಕಚೇರಿಯಲ್ಲಿ ಯಾರಿಗಾದರೂ ನೋಡಲು ತೆರೆದಿರುತ್ತದೆ. ಮುಂದಿನ ಬಿತ್ತನೆಗೆ ಮೊದಲು ಕೋಣೆ ಸಿದ್ಧವಾಗಬೇಕು, ಅರ್ಧ ಚಿಗುರಿದ ತಳಿಗಳು ಇನ್ನೊಂದು ವರ್ಷ ತಾಳಲಾರವು. ಹಣ ಕೊಡಲಾಗದವರು ಕೈಗೆಲಸಕ್ಕೆ ಬನ್ನಿ.

ಹಿಂದೆ ಅಪ್ಪನಿಂದ ಬೀಜ ಒಯ್ದವರಲ್ಲಿ ಇನ್ನೊಂದು ಕೋರಿಕೆ. ನಿಮ್ಮ ಅಟ್ಟದ ಮೇಲಿನ ಗಡಿಗೆಗಳನ್ನು ಒಮ್ಮೆ ನೋಡಿ. ಬೆರಳುಗುರಿನಷ್ಟು ಉದ್ದದ, ಹೊಳೆಯುವ ಕಪ್ಪು ಕಾಳು, ಕಣ್ಣಿನ ಬಳಿ ಬಿಳಿ ಚುಕ್ಕೆ. ಸಿಕ್ಕರೆ ಒಂದು ಹಿಡಿ ತಂದುಕೊಡಿ. ಅಮ್ಮ ಹಿತ್ತಿಲಲ್ಲಿ ಚಪ್ಪರಕ್ಕೆ ಗೂಟ ಹೊಡೆಸಿ ಇಟ್ಟಿದ್ದಾರೆ.

ಇತಿ,
ಟ್ರಸ್ಟ್‌ನ ಸದಸ್ಯರ ಪರವಾಗಿ, ಅವರ ಹಿರಿಯ ಮಗ