ಉರು ಹೊಡೆದ ಪ್ರಮೇಯಕ್ಕೆ ಪೂರ್ತಿ ಅಂಕ

ಮಾನ್ಯರೇ,

ಬಿ.ಎಸ್ಸಿ ಗಣಿತದ ಪ್ರಶ್ನೆಪತ್ರಿಕೆಗಳಲ್ಲಿ ‘ಲಗ್ರಾಂಜ್ ಪ್ರಮೇಯವನ್ನು ನಿರೂಪಿಸಿ, ಸಾಧಿಸಿ’ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಳೆಯ ಪತ್ರಿಕೆ ತಿರುವಿಹಾಕಿದವರು ಸಾಧನೆಯನ್ನು ಬಾಯಿಪಾಠ ಮಾಡಿ, ಸಾಲು ತಪ್ಪದೆ ಬರೆದು ಪೂರ್ತಿ ಅಂಕ ಪಡೆಯುತ್ತಾರೆ. ಗ್ರೂಪ್ ಎಂದರೆ ಕೂಡುವುದು, ಗುಣಿಸುವುದರಂಥ ಒಂದು ಕ್ರಿಯೆ ಕೆಲವು ನಿಯಮಗಳಂತೆ ನಡೆಯುವ ಗಣ; ಆರ್ಡರ್ ಎಂದರೆ ಅದರ ಸದಸ್ಯರ ಸಂಖ್ಯೆ; ಸಬ್‌ಗ್ರೂಪ್ ಎಂದರೆ ಅದರೊಳಗೇ ಇರುವ, ಅದೇ ಕ್ರಿಯೆಯ ಗ್ರೂಪ್. ಅವರನ್ನೇ ‘12 ಆರ್ಡರಿನ ಗ್ರೂಪಿನಲ್ಲಿ 6 ಆರ್ಡರಿನ ಸಬ್‌ಗ್ರೂಪ್ ಇರಲೇಬೇಕೇ?’ ಎಂದು ಕೇಳಿ. 6 ರಿಂದ 12 ಭಾಗವಾಗುತ್ತದಲ್ಲ, ಇರಲೇಬೇಕು ಎಂದುಬಿಡುತ್ತಾರೆ. ಪ್ರಮೇಯ ಹೇಳುವುದು ಅದನ್ನಲ್ಲ. ಸಬ್‌ಗ್ರೂಪ್ ಇದ್ದರೆ ಅದರ ಆರ್ಡರ್ 12ನ್ನು ಭಾಗಿಸಬೇಕು, ಅಷ್ಟೇ. ನಾಲ್ಕು ಅಕ್ಷರಗಳ ಈವನ್ ಪರ್ಮ್ಯುಟೇಷನ್‌ಗಳ (ಎರಡೆರಡು ಅಕ್ಷರಗಳನ್ನು ಸಮ ಸಂಖ್ಯೆಯ ಬಾರಿ ಅದಲುಬದಲು ಮಾಡಿ ಪಡೆಯುವ ಜೋಡಣೆಗಳ) ಗ್ರೂಪ್ ಎ4ರ ಆರ್ಡರ್ 12. ಅದರಲ್ಲಿ 6 ಆರ್ಡರಿನ ಸಬ್‌ಗ್ರೂಪ್ ಇಲ್ಲವೇ ಇಲ್ಲ. 5 ಅಂಕಗಳಲ್ಲಿ ಸಾಧನೆಗೆ 3, ಇಂಥ ಉದಾಹರಣೆಗೆ 2 ಎಂದು ಹಂಚಿದರೆ ಉರು ಹೊಡೆದವರು ಯಾರು, ಅರ್ಥ ಮಾಡಿಕೊಂಡವರು ಯಾರು ಎಂಬುದು ತಿಳಿಯುತ್ತದೆ.

ಪ್ರಾಕ್ಟಿಕಲ್ ಪರೀಕ್ಷೆಯದು ಇನ್ನೂ ಸೋಜಿಗ. ಒಂದು ಊಹೆಯಿಂದ ಹೊರಟು ಹಂತಹಂತವಾಗಿ ಸಮೀಕರಣದ ಉತ್ತರ ಹುಡುಕುವ ನ್ಯೂಟನ್-ರಾಫ್ಸನ್ ವಿಧಾನದ ಪ್ರೋಗ್ರಾಂ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕದಲ್ಲಿ ಮೊದಲೇ ಇರುತ್ತದೆ. ಅದನ್ನೇ ಸೈಲ್ಯಾಬ್ ಎಂಬ ಗಣಿತದ ತಂತ್ರಾಂಶದಲ್ಲೋ ಪೈಥಾನ್‌ನಲ್ಲೋ ಟೈಪ್ ಮಾಡಿದರೆ ಎಕ್ಸ್³ − 2ಎಕ್ಸ್ − 5 = 0ಕ್ಕೆ 2.0946 ಎಂದು ಉತ್ತರ ಬಂದುಬಿಡುತ್ತದೆ. −5ರ ಜಾಗದಲ್ಲಿ +2 ಇಟ್ಟು, ಸೊನ್ನೆಯಿಂದ ಶುರು ಮಾಡಿಸಿ ನೋಡಿ. 1, 0, 1, 0 ಎಂದು ತೂಗುಯ್ಯಾಲೆಯಂತೆ ಆಡುತ್ತಲೇ ಇರುತ್ತದೆ! −2ರಿಂದ ಹೊರಟರೆ −1.7693ಕ್ಕೆ ಬಂದು ನಿಲ್ಲುತ್ತದೆ. ಹೀಗೇಕೆ ಎಂದು ಎರಡು ಸಾಲು ಬರೆಸಿದರೆ, ಅದೇ ನಿಜವಾದ ಪರೀಕ್ಷೆ.

ಮೌಲ್ಯಮಾಪನದ ತೊಡಕು ಬೇರೆಯದು. ಮೂರು ಸಮೀಕರಣಗಳನ್ನು ಗಾಸ್ ವಿಧಾನದಲ್ಲಿ ಬಿಡಿಸುವಾಗ ಎರಡನೇ ಸಾಲಿನಲ್ಲಿ ಒಂದು ಮೈನಸ್ ಬಿಟ್ಟುಹೋದರೆ ಮುಂದಿನ ಸಂಖ್ಯೆಗಳೆಲ್ಲ ತಪ್ಪು, ವಿಧಾನ ಮಾತ್ರ ಸರಿ. ಅಂಕ ಹಂಚಿಕೆಯ ಸ್ಕೀಮಿನಲ್ಲಿ ಈ ಬಗ್ಗೆ ಸೂಚನೆ ಇಲ್ಲದಿದ್ದರೆ ಒಬ್ಬರು 4 ಕೊಡುತ್ತಾರೆ, ಇನ್ನೊಬ್ಬರು 1 ಕೊಡುತ್ತಾರೆ. ‘ತಪ್ಪಿದ ಜಾಗದಲ್ಲಿ ಒಮ್ಮೆ ಮಾತ್ರ ಅಂಕ ಕಳೆಯಿರಿ’ ಎಂಬ ಒಂದು ಸಾಲು ಸೇರಿಸಿದರೆ ಸಾಕು. ಉತ್ತರವನ್ನು ಮೂಲ ಸಮೀಕರಣಗಳಲ್ಲಿ ಹಾಕಿ ತಾಳೆ ನೋಡಿದವರಿಗೆ 1 ಅಂಕ ಮೀಸಲಿಟ್ಟರೆ, ಬಿಟ್ಟುಹೋದ ಮೈನಸ್ಸನ್ನು ವಿದ್ಯಾರ್ಥಿಗಳೇ ಪತ್ತೆ ಹಚ್ಚುತ್ತಾರೆ.

ಇನ್ನು ಇಂಟರ್ನಲ್ ಅಂಕದ ಅಸೈನ್‌ಮೆಂಟ್. ಒಬ್ಬರು ಬರೆದದ್ದು ರಾತ್ರೋರಾತ್ರಿ ತರಗತಿಯಿಡೀ ಸುತ್ತುತ್ತದೆ. ಬರೆಸುವುದನ್ನು ಬಿಡಬೇಕಿಲ್ಲ, ಆದರೆ ಒಬ್ಬೊಬ್ಬರನ್ನೂ 5 ನಿಮಿಷ ಬೋರ್ಡಿನ ಮುಂದೆ ನಿಲ್ಲಿಸಬೇಕು. 40 ಮಂದಿಗೆ 200 ನಿಮಿಷ. ಎರಡು ಪ್ರಾಕ್ಟಿಕಲ್ ಅವಧಿಯೊಳಗೆ ಮುಗಿಯುವ ಕೆಲಸ. ಅವರೇ ಬರೆದ ಪುಟದ ಒಂದು ಸಾಲಿಗೆ ಬೆರಳಿಟ್ಟು ‘ಇದು ಹೇಗೆ ಬಂತು?’ ಎಂದು ಕೇಳಿದರಾಯಿತು.

– ಗಣಿತ ಬೋಧಕರು